ಲಕ್ವ, ಉಪ್ಪು, ಚೀನಾ: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ಆರೋಗ್ಯದ ವಿಷಯ ಬರೆಯುವವರಿಗೆ ಒಂದು ಪಾಡು ಇರುತ್ತದೆ. ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಪಕ್ಕದವರು ಬಿಪಿ ಮಾತ್ರೆಯ ಪಟ್ಟಿ ತೆಗೆದು ತೋರಿಸುತ್ತಾರೆ. ಚೀನಾದಲ್ಲಿ ನಡೆದ ಲಕ್ವದ ಸಂಶೋಧನೆಗಳ ಬಗ್ಗೆ ನಾಲ್ಕೈದು ಸಲ ಬರೆದ ಮೇಲೆ ಫೋನು, ಪತ್ರ, ಕಾಮೆಂಟು ಎಲ್ಲದರಲ್ಲೂ ಅವೇ ಪ್ರಶ್ನೆಗಳು ಬರತೊಡಗಿದವು. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮಾತ್ರೆ ಬದಲಿಸುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ.

## ಮೊದಲಿಗೆ

ಲಕ್ವದ ಮಾತು ಬಂದ್ರೆ ಚೀನಾ ಯಾಕೆ? ಅಮೆರಿಕ, ಇಂಗ್ಲೆಂಡ್ ಇಲ್ವಾ?

ಇವೆ. ಆದರೆ ಚೀನಾಕ್ಕೆ ಈ ಕಾಯಿಲೆಯ ಬಿಸಿ ಎಲ್ಲರಿಗಿಂತ ಜಾಸ್ತಿ ತಟ್ಟಿದೆ. 25 ವರ್ಷ ದಾಟಿದ ಒಬ್ಬ ವ್ಯಕ್ತಿಗೆ ಮುಂದೆ ಜೀವಮಾನದಲ್ಲಿ ಒಮ್ಮೆಯಾದರೂ ಲಕ್ವ ಹೊಡೆಯುವ ಸಾಧ್ಯತೆ ಎಷ್ಟು ಅಂತ 2016ರ ಅಂಕಿ ಅಂಶ ಇಟ್ಟುಕೊಂಡು ಲೆಕ್ಕ ಹಾಕಿದರು. ಇಡೀ ಜಗತ್ತಿನ ಸರಾಸರಿ 24.9%. ಚೀನಾದಲ್ಲಿ 39.3%. ಲೆಕ್ಕ ಹಾಕಿದ ದೇಶಗಳಲ್ಲೆಲ್ಲ ಅದೇ ಅತಿ ಹೆಚ್ಚು.

ಬಿಪಿ, ಉಪ್ಪು, ಗಂಡಸರ ಸಿಗರೇಟು, ಎಲ್ಲ ಸೇರಿ ಹೀಗಾಗಿದೆ. ಜನಸಂಖ್ಯೆಯೂ ದೊಡ್ಡದು. ಹಾಗಾಗಿ ಇಪ್ಪತ್ತು ಸಾವಿರ, ಮೂವತ್ತು ಸಾವಿರ ಜನರನ್ನು ಸೇರಿಸಿ ನಾಲ್ಕೈದು ವರ್ಷ ನೋಡುವಂಥ ಪ್ರಯೋಗ ಅಲ್ಲಿ ಆಗುತ್ತದೆ. ಅವರ ಅಡುಗೆಮನೆ, ಅವರ ಹಳ್ಳಿ ನಮ್ಮದಕ್ಕೆ ಹತ್ತಿರ. ನನಗೆ ಆಸಕ್ತಿ ಹುಟ್ಟಿದ್ದು ಇಲ್ಲಿಂದಲೇ.

ಸ್ಟ್ರೋಕ್, ಲಕ್ವ, ಪಾರ್ಶ್ವವಾಯು, ಮೂರೂ ಒಂದೇನಾ?

ಬಹುಮಟ್ಟಿಗೆ ಒಂದೇ. ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಒಂದು ಬಗೆ, ಒಡೆದು ರಕ್ತ ಸೋರಿದರೆ ಇನ್ನೊಂದು. ಮುಖದ ಒಂದು ನರ ಊದಿಕೊಂಡು ಬಾಯಿ ಸೊಟ್ಟಗಾಗುವುದಕ್ಕೂ ನಮ್ಮ ಕಡೆ ಲಕ್ವ ಅಂತಲೇ ಹೇಳುತ್ತಾರೆ. ಅದು ಬೇರೆ. ಆದರೆ ಯಾವುದು ಯಾವುದು ಅಂತ ಮನೆಯಲ್ಲಿ ಕೂತು ಪತ್ತೆ ಮಾಡಲು ಹೋಗಬೇಡಿ. ಬಾಯಿ ಸೊಟ್ಟಗಾಯಿತು, ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ ಅಂದರೆ 108ಕ್ಕೆ ಫೋನ್ ಮಾಡಿ. ರಕ್ತದ ಗಂಟು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು ಇರುತ್ತದೆ.

## ಉಪ್ಪು, ಬಿಪಿ

ಉಪ್ಪು ಬದಲಾಯಿಸಿದ್ರೆ ಸಾಕು, ಲಕ್ವ ತಪ್ಪುತ್ತೆ ಅಂತಾರಲ್ಲ, ನಿಜಾನಾ?

ಸಾಕು ಅನ್ನುವುದು ಜಾಸ್ತಿಯಾಯಿತು. ತಪ್ಪಿದ್ದು ಮಾತ್ರ ನಿಜ. ಇದು ನನಗೆ ತುಂಬ ಇಷ್ಟವಾದ ಪ್ರಯೋಗ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೆಬೈ, ಲಿಯಾವೊನಿಂಗ್, ನಿಂಗ್‌ಶಿಯಾ, ಶಾನ್‌ಶಿ, ಶಾಆನ್‌ಶಿ ಎಂಬ ಚೀನಾದ ಐದು ಪ್ರಾಂತ್ಯಗಳು. ಎಲ್ಲ ಉತ್ತರದ ಕಡೆಯವು. ಅಲ್ಲಿ ಚಳಿಗಾಲಕ್ಕೆ ತರಕಾರಿಯನ್ನು ಉಪ್ಪಿನಲ್ಲಿ ಹಾಕಿಡುವ ರೂಢಿ ಹಳೆಯದು. ಆರಿಸಿದ್ದು 600 ಹಳ್ಳಿ, 20,995 ಜನ. ಒಂದೋ ಮೊದಲೇ ಒಮ್ಮೆ ಲಕ್ವ ಆಗಿರಬೇಕು, ಇಲ್ಲವೇ 60 ದಾಟಿ ಬಿಪಿ ಹತೋಟಿಯಲ್ಲಿ ಇರಬಾರದು. ಅರ್ಧ ಹಳ್ಳಿಗಳು ಎಂದಿನ ಉಪ್ಪನ್ನೇ ಬಳಸಿದವು. ಉಳಿದರ್ಧಕ್ಕೆ ಬೇರೆ ಉಪ್ಪು ಪುಕ್ಕಟೆ ಕೊಟ್ಟರು. ಅದರಲ್ಲಿ ಮುಕ್ಕಾಲು ಪಾಲು ಮಾಮೂಲಿ ಸೋಡಿಯಂ ಕ್ಲೋರೈಡ್, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್. ತಲೆಗೆ ದಿನಕ್ಕೆ 20 ಗ್ರಾಂ ಲೆಕ್ಕದಲ್ಲಿ ಧಾರಾಳವಾಗಿ ಕೊಟ್ಟರು. ಅಡುಗೆಗೂ ಆಗಬೇಕು, ತರಕಾರಿ ಹಾಕಿಡಲೂ ಆಗಬೇಕು, ಅಂಗಡಿಯ ಉಪ್ಪಿಗೆ ಕೈ ಹೋಗಬಾರದು.

ಸರಾಸರಿ ಐದು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ಕಾದರು. 2021ರಲ್ಲಿ ಫಲಿತಾಂಶ ಬಂತು. ಬೇರೆ ಉಪ್ಪು ತಿಂದವರಲ್ಲಿ ಲಕ್ವ 14% ಕಡಿಮೆ, ಸಾವು 12% ಕಡಿಮೆ. ಬಿಪಿ ಇಳಿದದ್ದು ಸರಾಸರಿ ಬರೀ 3.3 ಪಾಯಿಂಟ್! ಒಬ್ಬರ ಯಂತ್ರದಲ್ಲಿ ಕಣ್ಣಿಗೂ ಬೀಳದ ಇಳಿತ. ಇಡೀ ಹಳ್ಳಿಗೆ ಬಿದ್ದಾಗ ಜೀವ ಉಳಿಯಿತು. ಖರ್ಚು ನೋಡಿ: ಆಗ ಅಲ್ಲಿ ಮಾಮೂಲಿ ಉಪ್ಪಿಗೆ ಕಿಲೋಗೆ ಸುಮಾರು 1.08 ಡಾಲರ್, ಈ ಉಪ್ಪಿಗೆ 1.62.

ಇದು ಅಲ್ಲಿ ಫಲ ಕೊಟ್ಟಿದ್ದಕ್ಕೆ ಒಂದು ಕಾರಣ ಇದೆ. ಅವರ ಉಪ್ಪಿನ ಹೆಚ್ಚಿನ ಪಾಲು ಮನೆಯ ಒಲೆಯ ಮೇಲೆಯೇ ಬೀಳುತ್ತದೆ. ಪಶ್ಚಿಮದ ದೇಶಗಳಲ್ಲಿ ಅದು ಬ್ರೆಡ್ಡು, ಪ್ಯಾಕೆಟ್ ತಿಂಡಿಯೊಳಗೆ ಸೇರಿ ಬರುತ್ತದೆ, ಮನೆಯ ಡಬ್ಬಿ ಬದಲಿಸಿ ಏನೂ ಆಗುವುದಿಲ್ಲ. ನಮ್ಮ ಮನೆಗಳು ಯಾವ ಕಡೆ ಅಂತ ನೀವೇ ಹೇಳಿ.

ಹಾಗಾದ್ರೆ ನಾಳೆನೇ ಆ ಉಪ್ಪು ತರ್ಲಾ? ನಮ್ಮ ಅಮ್ಮನಿಗೆ ಕಿಡ್ನಿ ಸ್ವಲ್ಪ ವೀಕು.

ಬೇಡ. ನಿಮ್ಮ ಪ್ರಶ್ನೆಯ ಎರಡನೇ ವಾಕ್ಯದಲ್ಲೇ ಉತ್ತರ ಇದೆ. ಹೆಚ್ಚಾದ ಪೊಟ್ಯಾಸಿಯಂ ಹೊರಗೆ ಹಾಕುವುದು ಕಿಡ್ನಿಯ ಕೆಲಸ. ಅದು ಸೋತರೆ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಚೀನಾದ ಪ್ರಯೋಗದಲ್ಲಿ ಕಿಡ್ನಿ ಕಾಯಿಲೆ ಜೋರಾಗಿ ಇದ್ದವರನ್ನೂ ಪೊಟ್ಯಾಸಿಯಂ ಉಳಿಸುವಂಥ ಮೂತ್ರದ ಮಾತ್ರೆ ತಿನ್ನುವವರನ್ನೂ ಸೇರಿಸಿಕೊಳ್ಳಲೇ ಇಲ್ಲ. ಮನೆಯಲ್ಲಿ ಅಂಥವರು ಒಬ್ಬರಿದ್ದರೂ ಆ ಮನೆಯನ್ನು ಬಿಟ್ಟರು. ಉಪ್ಪಿನ ಡಬ್ಬಿ ಇಡೀ ಮನೆಗೆ ಒಂದೇ ಅಲ್ವಾ? ಪೊಟ್ಯಾಸಿಯಂ ಏರಿ ತೊಂದರೆ ಆದವರ ಸಂಖ್ಯೆ ಎರಡೂ ಕಡೆ ಸರಿಸುಮಾರು ಒಂದೇ ಇತ್ತು ಅಂತ ವರದಿ ಹೇಳುತ್ತದೆ. ಆದರೆ ಎಲ್ಲರಿಗೂ ಆಗಾಗ ರಕ್ತ ಪರೀಕ್ಷೆ ಮಾಡಿ ನೋಡಿದ ಲೆಕ್ಕ ಅಲ್ಲ ಅದು.

ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಮನೆ ಅಡುಗೆಗೆ ಶಿಫಾರಸು ಮಾಡಿತು. ಮಕ್ಕಳು, ಬಸುರಿಯರು, ಕಿಡ್ನಿ ತೊಂದರೆ ಇರುವವರನ್ನು ಮಾತ್ರ ಹೊರಗಿಟ್ಟಿತು. ಬಿಪಿಯ ಕೆಲವು ಮಾಮೂಲಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ.

ನಾವು ಪಿಂಕ್ ಉಪ್ಪು, ಸೈಂಧವ ಉಪ್ಪು ಬಳಸ್ತೀವಿ. ಅದೇ ತಾನೆ ಇದು?

ಅಲ್ಲ. ಬಣ್ಣ ಬೇರೆ, ಬೆಲೆ ಬೇರೆ, ಒಳಗಿರುವುದು ಹೆಚ್ಚುಕಡಿಮೆ ಅದೇ ಸೋಡಿಯಂ ಕ್ಲೋರೈಡ್. ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಅಯೋಡಿನ್ ಕೂಡ ಇರುವುದಿಲ್ಲ. ಬಿಪಿಗೆ ಒಳ್ಳೆಯದು ಅಂತ ಸುಮ್ನೆ ನಾಲ್ಕು ಪಟ್ಟು ದುಡ್ಡು ಕೊಡಬೇಡಿ.

ಉಪ್ಪನ್ನೇ ಕಡಿಮೆ ಮಾಡಿದ್ರೆ ಆಗಲ್ವಾ? ಈ ಬದಲಿ ಉಪ್ಪು ಯಾಕೆ ಬೇಕು? ರುಚಿ ಬೇರೆ ಕೆಡುತ್ತೆ.

ಕಡಿಮೆ ಮಾಡಿದರೆ ಖಂಡಿತ ಒಳ್ಳೆಯದು. ಮಾಡುವುದು ಕಷ್ಟ. ಚೀನಾದ 48 ವೃದ್ಧಾಶ್ರಮಗಳ ಅಡುಗೆಮನೆಗಳಲ್ಲಿ ಎರಡನ್ನೂ ಪರೀಕ್ಷೆ ಮಾಡಿದರು. ಕೆಲವು ಕಡೆ ಬದಲಿ ಉಪ್ಪು. ಕೆಲವು ಕಡೆ ಅಡುಗೆಯವರಿಗೆ ಕೊಡುವ ಉಪ್ಪನ್ನೇ ಮೆಲ್ಲಮೆಲ್ಲಗೆ ಕಡಿಮೆ ಮಾಡುತ್ತಾ ಹೋದರು. 2023ರಲ್ಲಿ ವರದಿ ಬಂತು. ಬದಲಿ ಉಪ್ಪಿನವರ ಬಿಪಿ ಸರಾಸರಿ 7 ಪಾಯಿಂಟ್ ಇಳಿದಿತ್ತು. ಉಪ್ಪು ಕಡಿಮೆ ಕೊಟ್ಟ ಕಡೆ ಬಿಪಿ ಇಳಿಯಲೇ ಇಲ್ಲ. ಸಪ್ಪೆ ಊಟವನ್ನು ಯಾರು ತಾನೇ ಸುಮ್ಮನೆ ಉಣ್ಣುತ್ತಾರೆ? ಉಪ್ಪಿಗಿಂತ ರುಚಿಯಿಲ್ಲ ಅಂತ ನಮ್ಮ ಗಾದೆಯೇ ಇದೆ.

ಬದಲಿ ಉಪ್ಪಿನ ರುಚಿ? ನಾನು ತಿಂದು ನೋಡಿದ್ದೇನೆ. ಸಾರು, ಹುಳಿಯಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಮೊಸರನ್ನಕ್ಕೆ ಮೇಲಿಂದ ಉದುರಿಸಿಕೊಂಡಾಗ ನಾಲಿಗೆಯ ಹಿಂದೆ ಒಂಚೂರು ಕಹಿ ನಿಂತಿತು.

ಹಳ್ಳಿ ಡಾಕ್ಟರಿಂದ ಬಿಪಿ ಹತೋಟಿಗೆ ಬಂತು ಅಂತ ಬರೆದಿದ್ರಿ. ಅವರು ನಮ್ಮ ಆರ್‌ಎಂಪಿಗಳ ತರನಾ?

ಪೂರ್ತಿ ಹಾಗಲ್ಲ. ಮಾವೋ ಕಾಲದಲ್ಲಿ ಬರಿಗಾಲ ವೈದ್ಯರು ಅಂತ ಇದ್ದರು. ಕೆಲವು ತಿಂಗಳ ತರಬೇತಿ ಪಡೆದ ರೈತರು ಅವರು. 1985ರಲ್ಲಿ ಆ ಹೆಸರು ಬಿಟ್ಟು ಹಳ್ಳಿ ಡಾಕ್ಟರ್ ಅಂತ ಮಾಡಿದರು. ಎಂಬಿಬಿಎಸ್ ಮಟ್ಟದ ಓದು ಇಲ್ಲದಿದ್ದರೂ ಸರ್ಕಾರದ ವ್ಯವಸ್ಥೆಯ ಒಳಗೇ ಇರುವವರು.

ಪ್ರಯೋಗ ನಡೆದದ್ದು 326 ಹಳ್ಳಿಗಳಲ್ಲಿ, ಸುಮಾರು 34 ಸಾವಿರ ಜನರ ಮೇಲೆ. ಅರ್ಧ ಹಳ್ಳಿಗಳಲ್ಲಿ ಈ ಡಾಕ್ಟರಿಗೆ ಒಂದು ಸರಳ ಚಾರ್ಟ್ ಕೊಟ್ಟರು: ಬಿಪಿ ಇಷ್ಟಿದ್ದರೆ ಈ ಮಾತ್ರೆ, ಇಳಿಯದಿದ್ದರೆ ಮುಂದಿನ ಹೆಜ್ಜೆ. ಗುರಿ 130/80ಕ್ಕಿಂತ ಕೆಳಗೆ. ಮೇಲೆ ದೊಡ್ಡ ಡಾಕ್ಟರ ಉಸ್ತುವಾರಿ. ರೋಗಿಗೆ ಪುಕ್ಕಟೆ ಅಥವಾ ಅಗ್ಗದ ಮಾತ್ರೆ, ಮನೆಗೆ ಬಿಪಿ ಯಂತ್ರ. ಬಿಪಿ ಇಳಿಸಿದ ಡಾಕ್ಟರಿಗೆ ಸ್ವಲ್ಪ ಜಾಸ್ತಿ ದುಡ್ಡು. ಒಂದೂವರೆ ವರ್ಷಕ್ಕೆ ಈ ಹಳ್ಳಿಗಳಲ್ಲಿ 57% ಜನ ಗುರಿ ಮುಟ್ಟಿದ್ದರು. ಬೇರೆ ಹಳ್ಳಿಗಳಲ್ಲಿ 19.9%. ಮೂರು ವರ್ಷಕ್ಕೆ ಹೃದಯಾಘಾತ, ಲಕ್ವದಂಥವು ಮೂರನೇ ಒಂದು ಪಾಲು ಕಡಿಮೆಯಾದವು. 2025ರಲ್ಲಿ ಇನ್ನೊಂದು ಸುದ್ದಿ ಬಂತು. ನಾಲ್ಕು ವರ್ಷದ ಲೆಕ್ಕದಲ್ಲಿ ಮರೆಗುಳಿ ಕಾಯಿಲೆಯೂ 15% ಕಡಿಮೆ.

ಇಲ್ಲಿ ಹೊಸ ಔಷಧಿ ಒಂದೂ ಇಲ್ಲ ನೋಡಿ. ಎಲ್ಲ ನಮ್ಮೂರ ಮೆಡಿಕಲ್ ಶಾಪಿನಲ್ಲಿ ಸಿಗುವ ಜಾತಿಯ ಮಾತ್ರೆಗಳೇ.

## ಔಷಧಿ

ಅಪ್ಪನಿಗೆ ಸಣ್ಣ ಸ್ಟ್ರೋಕ್ ಆದಾಗ ರಕ್ತ ತೆಳು ಮಾಡೋ ಮಾತ್ರೆ ಎರಡು ಕೊಟ್ರು. ಮೂರು ವಾರ ಆದ್ಮೇಲೆ ಒಂದು ನಿಲ್ಲಿಸಿದ್ರು. ಮರೆತುಬಿಟ್ರಾ?

ಮರೆತಿರಲಾರರು. ಆ ಮೂರು ವಾರದ ಹಿಂದೆ ಬೀಜಿಂಗ್ ಇದೆ. ಅಲ್ಲಿನ ತಿಯಾನ್‌ತಾನ್ ಆಸ್ಪತ್ರೆಯ ವಾಂಗ್ ಯೋಂಗ್‌ಜುನ್ ಮುಂದಾಳತ್ವದಲ್ಲಿ 5,170 ರೋಗಿಗಳ ಪ್ರಯೋಗ ನಡೆದು 2013ರಲ್ಲಿ ಪ್ರಕಟವಾಯಿತು. ಸಣ್ಣ ಲಕ್ವ, ಅಥವಾ ಕೈ ಜೋತುಬಿದ್ದು ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುವ ಬಗೆ, ಇಂಥವರಿಗೆ 24 ಗಂಟೆಯೊಳಗೆ ಮಾತ್ರೆ ಶುರು ಮಾಡಿದರು. ಒಂದು ಗುಂಪಿಗೆ ಆಸ್ಪಿರಿನ್ ಮಾತ್ರ. ಇನ್ನೊಂದಕ್ಕೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್, ಆಸ್ಪಿರಿನ್ 21 ದಿನಕ್ಕೆ ಬಂದ್. ಮೂರು ತಿಂಗಳೊಳಗೆ ಮತ್ತೆ ಲಕ್ವ ಆದವರು ಮೊದಲ ಗುಂಪಿನಲ್ಲಿ 11.7%, ಎರಡನೆಯದರಲ್ಲಿ 8.2%. ಮತ್ತೆ ಹೊಡೆಯುವ ಭಯ ಮೊದಲ ಕೆಲವು ವಾರ ಜಾಸ್ತಿ. ರಕ್ತ ಸೋರುವ ಭಯ ಎರಡು ಮಾತ್ರೆ ನುಂಗುವಷ್ಟು ದಿನವೂ ಇರುತ್ತದೆ. ಹಾಗಾಗಿ ಎರಡೂ ಕೂಡಿ ಸ್ವಲ್ಪ ಕಾಲ ಮಾತ್ರ. ಯಾವುದನ್ನು ನಿಲ್ಲಿಸಿ ಯಾವುದನ್ನು ಮುಂದುವರಿಸಬೇಕು ಅನ್ನುವುದು ಡಾಕ್ಟರಿಂದ ಡಾಕ್ಟರಿಗೆ ಬದಲಾಗುತ್ತದೆ.

ಇದಕ್ಕೊಂದು ಬಾಲ ಇದೆ. ಕ್ಲೋಪಿಡೋಗ್ರೆಲ್ ಹೊಟ್ಟೆಗೆ ಹೋದಾಗ ಅರೆಬೆಂದ ಔಷಧಿ. ಲಿವರ್ ಅದನ್ನು ಬೇಯಿಸಿ ಕೆಲಸಕ್ಕೆ ಬರುವಂತೆ ಮಾಡಬೇಕು. ಚೀನೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ಕೆಲಸದ ಜೀನ್ ಸ್ವಲ್ಪ ಮಂದ. ದಕ್ಷಿಣ ಏಷ್ಯಾದ ನಮ್ಮಲ್ಲೂ ಅಂಥವರು ಬಹಳ. 2021ರಲ್ಲಿ ಅದೇ ತಂಡ ಅಂಥ ಜೀನ್ ಇರುವ 6,412 ಜನರನ್ನು ಹುಡುಕಿ, ಅರ್ಧ ಜನರಿಗೆ ಕ್ಲೋಪಿಡೋಗ್ರೆಲ್ ಬದಲು ಟಿಕಾಗ್ರೆಲಾರ್ ಎಂಬ ಮಾತ್ರೆ ಕೊಟ್ಟು ನೋಡಿತು. ಮತ್ತೆ ಲಕ್ವ ಆಗುವುದು 7.6%ರಿಂದ 6.0%ಗೆ ಇಳಿಯಿತು.

ಚೇಳು, ಜರಿ ಹಾಕಿದ ಚೀನೀ ಔಷಧಿ ಹಾರ್ಟ್‌ಗೆ ಒಳ್ಳೇದಂತೆ. ಎಲ್ಲಿ ಸಿಗುತ್ತೆ?

ಹುಡುಕಬೇಡಿ. ನೀವು ಕೇಳುತ್ತಿರುವುದು ತೋಂಗ್‌ಶಿನ್‌ಲುವೊ ಎಂಬ ಕ್ಯಾಪ್ಸೂಲ್. ಜಿನ್ಸೆಂಗ್ ಬೇರು, ಜಿಗಣೆ, ಚೇಳು, ಜರಿ, ಜೀರುಂಡೆ ಬಿಟ್ಟ ಪೊರೆ, ಇನ್ನೂ ಏನೇನೋ ಅದರಲ್ಲಿವೆ. 2023ರಲ್ಲಿ ಬಂದ ಪ್ರಯೋಗದಲ್ಲಿ ದೊಡ್ಡ ಹೃದಯಾಘಾತ ಆದ 3,777 ಜನ ಇದ್ದರು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ನಡೆದೇ ಇತ್ತು. ಅದರ ಮೇಲೆ ಅರ್ಧ ಜನರಿಗೆ ಇದು, ಅರ್ಧ ಜನರಿಗೆ ಹುಸಿ ಮಾತ್ರೆ. ತಿಂಗಳೊಳಗೆ ಸಾವು, ಮತ್ತೆ ಹೃದಯಾಘಾತ, ಲಕ್ವ ಇಂಥವು ಹುಸಿ ಮಾತ್ರೆಯವರಲ್ಲಿ 5.2%, ಇದನ್ನು ತಿಂದವರಲ್ಲಿ 3.4%. ಫಲಿತಾಂಶ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಹತ್ತಾರು ವಸ್ತುಗಳಲ್ಲಿ ಯಾವುದು ಏನು ಮಾಡಿತು? ಬೇರೆ ದೇಶದಲ್ಲಿ ಇನ್ನೊಮ್ಮೆ ಮಾಡಿ ನೋಡುವವರೆಗೆ ನಾನಂತೂ ಕಾಯುತ್ತೇನೆ.

ಇನ್ನೊಂದು ಕಡೆಯ ಕತೆಯೂ ಕೇಳಿ. ಮಿದುಳಿನಲ್ಲಿ ರಕ್ತ ಸೋರಿದವರಿಗೆ ಕೊಡುವ ಇನ್ನೊಂದು ಗಿಡಮೂಲಿಕೆ ಔಷಧಿಯನ್ನು 1,600ಕ್ಕೂ ಹೆಚ್ಚು ರೋಗಿಗಳ ಮೇಲೆ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿದರು. 2024ರಲ್ಲಿ ಉತ್ತರ ಬಂತು: ಉಪಯೋಗ ಇಲ್ಲ. ಅದನ್ನೂ ಮುಚ್ಚಿಡದೆ ಪ್ರಕಟಿಸಿದರು. ಈ ವರದಿಯನ್ನು ವಾಟ್ಸಾಪಿನಲ್ಲಿ ಯಾರೂ ನನಗೆ ಕಳಿಸಲಿಲ್ಲ.

ಮಲೇರಿಯಾ ಔಷಧಿಗೆ ನೊಬೆಲ್ ಬಂತಲ್ಲ, ಅದೂ ನಾಟಿ ಔಷಧಿನೇ ಅಲ್ವಾ?

ಹುಟ್ಟಿದ್ದು ನಾಟಿಯಲ್ಲಿ. ಚೀನಾದ ಸಂಶೋಧಕಿ ತು ಯೂಯೂ, ನಾಲ್ಕನೇ ಶತಮಾನದ ವೈದ್ಯ ಗೆ ಹೋಂಗ್ ಬರೆದಿಟ್ಟ ಒಂದು ಸಾಲು ನೋಡಿ, ಗಿಡವನ್ನು ಕುದಿಸಬಾರದು ಅಂತ ಊಹಿಸಿದರು. ಕಡಿಮೆ ಬಿಸಿಯಲ್ಲಿ ಈಥರ್ ಬಳಸಿ ಸಾರ ತೆಗೆದರು. ಆಮೇಲೆ ಅದರಿಂದ ಒಂದೇ ಒಂದು ವಸ್ತುವನ್ನು ಬೇರ್ಪಡಿಸಿದರು, ಅದರ ರಚನೆ ಗೊತ್ತಾಯಿತು. 2015ರ ನೊಬೆಲ್ ಆ ಕೆಲಸಕ್ಕೆ.

ಚೀನಾದಲ್ಲಿ ಸ್ಟೆಂಟ್ ಬೆಲೆ ಒಮ್ಮೆಗೇ ಬಿದ್ದುಹೋಯ್ತಂತೆ. ಹೇಗೆ?

ಸರ್ಕಾರ ಇಡೀ ದೇಶದ ಪರವಾಗಿ ಸಗಟು ಖರೀದಿ ಮಾಡಿತು. ಇಷ್ಟು ಲಕ್ಷ ಬೇಕು, ಯಾರು ಕಡಿಮೆಗೆ ಕೊಡುತ್ತೀರಿ ಅಂತ ಕೂಗಿತು. 2018ರ ಕೊನೆಗೆ 11 ನಗರಗಳಲ್ಲಿ 25 ಔಷಧಿಗಳಿಂದ ಶುರುವಾಗಿ, ಬೆಲೆ ಸರಾಸರಿ 52% ಇಳಿಯಿತು. 2020ರ ನವೆಂಬರ್‌ನಲ್ಲಿ ಸ್ಟೆಂಟ್ ಸರದಿ: ಸುಮಾರು 13,000 ಯುವಾನ್ ಇದ್ದದ್ದು 700ರ ಆಸುಪಾಸಿಗೆ ಬಂತು. ನಮ್ಮಲ್ಲಿ 2017ರ ಫೆಬ್ರವರಿಯಲ್ಲಿ ಬೇರೆ ದಾರಿ ಹಿಡಿದರು. ಔಷಧಿ ಲೇಪಿಸಿದ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿದರು.

ಅಗ್ಗಕ್ಕೆ ಇನ್ನೊಂದು ಮುಖವೂ ಇದೆ. 2025ರ ಆರಂಭದಲ್ಲಿ ಶಾಂಘೈನ ಕೆಲವು ಡಾಕ್ಟರೇ ದನಿ ಎತ್ತಿದರು. ಮಾತ್ರೆ ಕೊಟ್ಟರೂ ಬಿಪಿ ಇಳಿಯುತ್ತಿಲ್ಲ, ಅರಿವಳಿಕೆ ಕೊಟ್ಟರೂ ನಿದ್ದೆ ಬರುತ್ತಿಲ್ಲ, ಭೇದಿ ಔಷಧಿಗೆ ಭೇದಿಯೇ ಆಗುತ್ತಿಲ್ಲ ಅಂತ. ಬೆಲೆ ಇಳಿಸಿದವರು ಗುಣಮಟ್ಟವನ್ನೂ ಪದೇ ಪದೇ ಪರೀಕ್ಷೆ ಮಾಡಬೇಕಾಗುತ್ತದೆ.

## ಲಕ್ವ ಹೊಡೆದ ಮೇಲೆ

ಐದು ವರ್ಷದಿಂದ ಒಂದು ಕೈ ಬಿಗಿದುಕೊಂಡೇ ಇದೆ. ಚೀನಾದಲ್ಲಿ ಒಳ್ಳೇ ಕೈಯ ನರ ತಂದು ಜೋಡಿಸ್ತಾರಂತೆ?

ಹೌದು, ಶಾಂಘೈನ ಹುವಾಶಾನ್ ಆಸ್ಪತ್ರೆಯಲ್ಲಿ. ಕುತ್ತಿಗೆಯ ಎರಡೂ ಬದಿಯಿಂದ ಐದೈದು ನರದ ಬೇರುಗಳು ತೋಳಿಗೆ ಹೋಗುತ್ತವೆ. ನಡುವಿನದಕ್ಕೆ ಸಿ7 ಅನ್ನುತ್ತಾರೆ. ಅದು ಮಾಡುವ ಕೆಲಸವನ್ನು ಅಕ್ಕಪಕ್ಕದ ನರಗಳೂ ಮಾಡುತ್ತವೆ. ಹಾಗಾಗಿ ಅದೊಂದನ್ನು ಕತ್ತರಿಸಿದರೂ ತೋಳು ಕೆಲಕಾಲ ಸೋತು, ಜುಮ್ಮೆಂದು, ಮತ್ತೆ ಸುಧಾರಿಸಿಕೊಳ್ಳುತ್ತದೆ. ಅಪಘಾತದಲ್ಲಿ ತೋಳಿನ ನರ ಕಿತ್ತುಹೋದವರಿಗೆ ಗು ಯುದೋಂಗ್ ಎಂಬ ಸರ್ಜನ್ 1986ರಲ್ಲೇ ಈ ಕಸಿ ಮಾಡಿದ್ದರು. ಅದನ್ನು ಮಿದುಳು ಹಾಳಾದವರಿಗೂ ಮಾಡಬಹುದು ಅಂತ ಹೊರಟವರು ಅದೇ ಆಸ್ಪತ್ರೆಯ ಶು ವೆಂದೋಂಗ್.

ಒಳ್ಳೆಯ ಕಡೆಯ ಸಿ7 ಕತ್ತರಿಸಿ, ಅನ್ನನಾಳದ ಹಿಂದೆ ಬೆನ್ನುಮೂಳೆಯ ಮುಂದೆ ಹಾಯಿಸಿ, ಸೋತ ಕಡೆಯ ಸಿ7ಗೆ ಹೊಲಿಯುತ್ತಾರೆ. ಅಂದರೆ ಒಳ್ಳೆಯ ಅರ್ಧ ಮಿದುಳು ಇನ್ನು ಮುಂದೆ ಎರಡೂ ಕೈ ನೋಡಿಕೊಳ್ಳಬೇಕು. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಐದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಕೈ ಸೋತಿದ್ದ 36 ಜನ ಇದ್ದರು. 18 ಜನರಿಗೆ ಆಪರೇಷನ್ ಮತ್ತು ಫಿಸಿಯೋಥೆರಪಿ, ಉಳಿದ 18 ಜನರಿಗೆ ಫಿಸಿಯೋಥೆರಪಿ ಮಾತ್ರ. ತೋಳಿನ ಚಲನೆಗೆ 66 ಅಂಕದ ಒಂದು ಪರೀಕ್ಷೆ ಇದೆ. ವರ್ಷದಲ್ಲಿ ಆಪರೇಷನ್ ಆದವರು ಸರಾಸರಿ 17.7 ಅಂಕ ಮೇಲೇರಿದರು, ಉಳಿದವರು 2.6. ಅಂಕದ ಹೊರತಾಗಿ ಅವರು ಬಟ್ಟೆ ಹಾಕಿಕೊಳ್ಳುವುದು, ಷೂ ಲೇಸ್ ಕಟ್ಟುವುದು, ಟವೆಲ್ ಹಿಂಡುವುದನ್ನೂ ನೋಡಿದರು. ಲಕ್ವ ಹೊಡೆದವರ ಮನೆಯಲ್ಲಿ ಇದ್ದವರಿಗೆ ಗೊತ್ತು, ಟವೆಲ್ ಹಿಂಡುವುದು ಎಂಥ ದೊಡ್ಡ ಕೆಲಸ ಅಂತ.

ಎಚ್ಚರಿಕೆಯ ಮಾತು: 36 ಜನ ಅಂದರೆ ಬಹಳ ಕಡಿಮೆ. ಎಲ್ಲರಿಗೂ ಲಕ್ವವೇ ಆಗಿರಲಿಲ್ಲ, ತಲೆಗೆ ಪೆಟ್ಟು ಬಿದ್ದವರೂ ಇದ್ದರು. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ತಿಂಗಳುಗಟ್ಟಲೆ ವ್ಯಾಯಾಮ ತಪ್ಪಿದ್ದಲ್ಲ.

ಫಿಸಿಯೋ ಬರೋದು ದುಬಾರಿ. ಮನೆಯವರೇ ಕಲಿತು ಮಾಡಿಸಿದ್ರೆ ಆಗಲ್ವಾ?

ಇದನ್ನು ನಮ್ಮಲ್ಲೂ ಚೀನಾದಲ್ಲೂ ಪರೀಕ್ಷೆ ಮಾಡಿದ್ದಾರೆ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳಲ್ಲಿ ಅರ್ಧದಷ್ಟು ಜನರ ಮನೆಯವರಿಗೆ ತರಬೇತಿ ಕೊಟ್ಟ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಆರು ತಿಂಗಳಿಗೆ ತೀರಿಕೊಂಡವರು ಅಥವಾ ಬೇರೆಯವರ ಆಸರೆಯಲ್ಲಿ ಇದ್ದವರು ಎರಡೂ ಗುಂಪಿನಲ್ಲಿ 47%. ಚೂರೂ ವ್ಯತ್ಯಾಸ ಇಲ್ಲ. ಚೀನಾದ ಹಳ್ಳಿಗಾಡಿನಲ್ಲಿ ನರ್ಸ್‌ಗಳ ಮೂಲಕ ಮಾಡಿದ ಸಣ್ಣ ಪ್ರಯೋಗಕ್ಕೂ ಅದೇ ಗತಿ. ಓದಿ ನನಗೇ ಬೇಜಾರಾಯಿತು. ಆದರೆ ವ್ಯಾಯಾಮ ದಂಡ ಅಂತ ಇದರ ಅರ್ಥ ಅಲ್ಲ. ಪಳಗಿದ ಕೈಯ ಜಾಗಕ್ಕೆ ಕೆಲವು ದಿನದ ತರಬೇತಿ ಸಾಲಲಿಲ್ಲ. ಮನೆಯವರು ಮಾಡಿಸಲಿ, ವಾರಕ್ಕೊಮ್ಮೆಯಾದರೂ ಗೊತ್ತಿದ್ದವರು ಬಂದು ತಿದ್ದಲಿ.

ತಾಯ್ ಚಿ, ಅದೇ ಚೀನಾದವರ ನಿಧಾನ ವ್ಯಾಯಾಮ, ಮಾಡಿದ್ರೆ ಬಿಪಿ ಇಳಿಯುತ್ತಾ?

ಸ್ವಲ್ಪ. ಬೀಜಿಂಗ್‌ನಲ್ಲಿ ಬಿಪಿ ಅಂಚಿನಲ್ಲಿದ್ದ 342 ಜನರಲ್ಲಿ ಅರ್ಧ ಜನ ತಾಯ್ ಚಿ, ಅರ್ಧ ಜನ ಬಿರುಸು ನಡಿಗೆ, ಸೈಕಲ್‌ನಂಥ ವ್ಯಾಯಾಮ ಮಾಡಿದರು. ವಾರಕ್ಕೆ ನಾಲ್ಕು ದಿನ, ಒಂದೊಂದು ಗಂಟೆ, ಒಂದು ವರ್ಷ. ತಾಯ್ ಚಿಯವರಿಗೆ 7 ಪಾಯಿಂಟ್, ಇನ್ನೊಂದು ಗುಂಪಿಗೆ 4.6 ಇಳಿಯಿತು. ವರ್ಷವಿಡೀ ಬಿಡದೆ ಮಾಡಿದ್ದೇ ನನಗೆ ಹೆಚ್ಚು ಆಶ್ಚರ್ಯ.

## ಸ್ವಲ್ಪ ಆಳಕ್ಕೆ

ಲಕ್ವ 14% ಕಡಿಮೆ ಅಂದ್ರೆ ನೂರು ಜನರಲ್ಲಿ 14 ಜನ ಉಳಿದ್ರು ಅಂತಾನಾ?

ಇಲ್ಲ. ಈ ತಪ್ಪು ಪೇಪರಿನವರೂ ಮಾಡುತ್ತಾರೆ. ಮಾಮೂಲಿ ಉಪ್ಪಿನ ಹಳ್ಳಿಗಳಲ್ಲಿ ವರ್ಷಕ್ಕೆ ಸಾವಿರ ಜನರಿಗೆ 33.65 ಲಕ್ವ. ಬದಲಿ ಉಪ್ಪಿನ ಹಳ್ಳಿಗಳಲ್ಲಿ 29.14. ಸಾವಿರಕ್ಕೆ ನಾಲ್ಕೂವರೆ ಕಡಿಮೆ. ಅದು 33.65ರ 13-14%. ಅವರೆಲ್ಲ ಮೊದಲೇ ಅಪಾಯದಲ್ಲಿ ಇದ್ದವರು. ಮೂವತ್ತು ವರ್ಷದ ಗಟ್ಟಿಮುಟ್ಟಾದ ಆಳಿಗೆ ಈ ಲೆಕ್ಕ ಅಂಟಿಸಬೇಡಿ.

ಚೀನಾದವರ ಸಂಶೋಧನೆಯನ್ನ ನಂಬೋದು ಹೇಗೆ ಸ್ವಾಮಿ? ಅಲ್ಲಿ ಎಲ್ಲ ಡೂಪ್ಲಿಕೇಟು.

ಅನುಮಾನಕ್ಕೆ ಕಾರಣ ಇದೆ. 2015ರಲ್ಲಿ ಅಲ್ಲಿನ ಔಷಧ ಇಲಾಖೆಯೇ ಔಷಧಿಗೆ ಅನುಮತಿ ಕೋರಿದ 1,622 ಅರ್ಜಿಗಳ ಪ್ರಯೋಗದ ಲೆಕ್ಕಪತ್ರ ನೀವೇ ಇನ್ನೊಮ್ಮೆ ನೋಡಿಕೊಳ್ಳಿ ಅಂತ ಕಂಪನಿಗಳಿಗೆ ಹೇಳಿತು. ತಪಾಸಣೆಗೆ ಬರುತ್ತೇವೆ ಅಂದಿದ್ದೇ ತಡ, ಬಹುಪಾಲು ಅರ್ಜಿಗಳು ತಾವಾಗಿ ವಾಪಸಾದವು! 2017ರಲ್ಲಿ ಕ್ಯಾನ್ಸರಿನ ಒಂದು ಪತ್ರಿಕೆ ಚೀನೀ ಲೇಖಕರ 107 ಪ್ರಬಂಧಗಳನ್ನು ಒಟ್ಟಿಗೆ ಹಿಂದಕ್ಕೆ ತೆಗೆದುಕೊಂಡಿತು. ಪ್ರಬಂಧ ಪರಿಶೀಲಿಸಿದವರೇ ನಕಲಿ.

ಹಾಗಂತ ಎಲ್ಲವನ್ನೂ ತಿಪ್ಪೆಗೆ ಎಸೆಯಲಾಗುವುದಿಲ್ಲ. ನಾನು ನೋಡುವುದು ಇದನ್ನು: ಬೇರೆಯವರು ಮಾಡಿದಾಗಲೂ ಅದೇ ಬಂತಾ? ಎರಡು ಮಾತ್ರೆಯ ಬೀಜಿಂಗ್ ಪ್ರಯೋಗಕ್ಕೆ 2018ರಲ್ಲಿ ಅಮೆರಿಕದವರು ಮುಂದಾಗಿ ನಡೆಸಿದ ಪ್ರಯೋಗವೂ ಹೌದು ಅಂದಿತು. ಇನ್ನೊಂದಕ್ಕೆ ಹೀಗಾಗಲಿಲ್ಲ. ಲಕ್ವ ಆದವರ ಎರಡೂ ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಐದು ನಿಮಿಷ ಬಿಗಿ ಮಾಡಿ, ಐದು ನಿಮಿಷ ಸಡಿಲಿಸಿ, ದಿನಕ್ಕೆ ಎರಡು ಹೊತ್ತು ಹೀಗೆ ಮಾಡಿದರೆ ಚೇತರಿಕೆ ಜಾಸ್ತಿ ಅಂತ 2022ರಲ್ಲಿ ಚೀನಾದ ವರದಿ ಬಂತು. ಚೆನ್ನಾಗಿ ಚೇತರಿಸಿಕೊಂಡವರು 67.4%, ಪಟ್ಟಿ ಕಟ್ಟದವರಲ್ಲಿ 62%. ಆದರೆ ಯಾರಿಗೆ ಪಟ್ಟಿ ಕಟ್ಟಿದ್ದಾರೆ ಅಂತ ರೋಗಿಗಳಿಗೂ ಚಿಕಿತ್ಸೆ ಕೊಟ್ಟವರಿಗೂ ಗೊತ್ತಿತ್ತು. ಮರುವರ್ಷ ಡೆನ್ಮಾರ್ಕಿನವರು ಒಂದು ಗುಂಪಿಗೆ ನಿಜವಾಗಿ ಬಿಗಿದು, ಇನ್ನೊಂದು ಗುಂಪಿಗೆ ಬಿಗಿದಂತೆ ಮಾಡಿ ನೋಡಿದರು. ಎರಡೂ ಗುಂಪಿನವರು ಒಂದೇ ಮಟ್ಟಕ್ಕೆ ಚೇತರಿಸಿಕೊಂಡಿದ್ದರು. ಪಟ್ಟಿ ಕಟ್ಟಿಸಿಕೊಳ್ಳಲಾ ಅಂತ ಕೇಳಿ ಪತ್ರ ಬರೆದ ಮೂವರಿಗೂ ನಾನು ಸದ್ಯಕ್ಕೆ ಬೇಡ ಅಂತಲೇ ಬರೆದಿದ್ದೇನೆ.